ಬಯಲಲ್ಲಿ ಕೂತು ಮೋರ್ಸ್: ಮೊದಲ ಸಲ ರೇಡಿಯೊ ಹೊತ್ತು ಹೊರಡುವ ಹ್ಯಾಮ್‌ಗಳಿಗೆ

"ಮೋರ್ಸ್ ಅಷ್ಟಕ್ಕಷ್ಟೇ ಬರುತ್ತೆ, ನಿಮಿಷಕ್ಕೆ 12 ಪದ ದಾಟಲ್ಲ. ರೇಡಿಯೊ ಹೊತ್ತುಕೊಂಡು ಬೆಟ್ಟಕ್ಕೋ ಪಾರ್ಕಿಗೋ ಹೋಗಬಹುದಾ?" ಈ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ತುಂಬಾ ಹ್ಯಾಮ್‌ಗಳು, ಅಂದರೆ ಹವ್ಯಾಸಕ್ಕೆ ರೇಡಿಯೊ ಸಂಪರ್ಕ ಮಾಡುವವರು, ಕೇಳಿದ್ದೀರಿ. ಮೋರ್ಸ್ ಅಂದರೆ ಅಕ್ಷರಗಳನ್ನು ಚಿಕ್ಕ ಮತ್ತು ಉದ್ದ ಸದ್ದುಗಳಲ್ಲಿ ಕಳಿಸುವ ಸಂಕೇತ. ಉತ್ತರ ಮೊದಲೇ ಹೇಳಿಬಿಡುತ್ತೇನೆ: ಧಾರಾಳವಾಗಿ ಹೋಗಬಹುದು. ಹೊರಗಿನಿಂದ ಮಾಡುವ ಮೋರ್ಸ್ ಸಂಪರ್ಕದಲ್ಲಿ ಏನು ಬರುತ್ತದೆ ಅನ್ನುವುದು ಮುಕ್ಕಾಲು ಪಾಲು ಮೊದಲೇ ಗೊತ್ತಿರುತ್ತದೆ. ಗೊತ್ತಿಲ್ಲದ್ದು ಎದುರಿನವರ ಕಾಲ್‌ಸೈನ್, ಅಂದರೆ ಲೈಸೆನ್ಸಿನ ಜೊತೆ ಸಿಗುವ ಐದಾರು ಅಕ್ಷರದ ಗುರುತು. ಮತ್ತೆ ಮೂರಂಕಿಯ ಒಂದು ವರದಿ. ಅಷ್ಟನ್ನು ಹಿಡಿಯಲು ಬಂದರೆ ಸಾಕು.

ಹಾಗಾದರೆ ಜನ ಬರಿಗೈಯಲ್ಲಿ ವಾಪಸ್ ಬರುವುದು ಯಾಕೆ? ಆಂಟೆನಾ ತಂತಿ ಮರದಲ್ಲಿ ಸಿಕ್ಕಿಕೊಂಡಿರುತ್ತದೆ. ಬ್ಯಾಟರಿಯ ಪ್ಲಗ್ಗು ರೇಡಿಯೊಗೆ ಕೂರುವುದಿಲ್ಲ. ಮೋರ್ಸ್ ಬಡಿಯುವ ಕೀ ಮನೆಯಲ್ಲೇ ಉಳಿದಿರುತ್ತದೆ. ಅದಕ್ಕೇ ಈ ಲೇಖನದಲ್ಲಿ ಮೋರ್ಸ್‌ಗಿಂತ ತಂತಿಯ ಮಾತೇ ಜಾಸ್ತಿ.

ಒಂದು ಷರತ್ತು. ಹ್ಯಾಮ್ ಲೈಸೆನ್ಸ್ ನಿಮ್ಮ ಕೈಯಲ್ಲಿರಬೇಕು. ಯಾವ ಬ್ಯಾಂಡ್ (ಫ್ರೀಕ್ವೆನ್ಸಿಯ ಪಟ್ಟಿ), ಎಷ್ಟು ವ್ಯಾಟ್, ಮನೆಯಿಂದ ಹೊರಗೆ ಕೂತು ಕಳಿಸಲು ಏನು ನಿಯಮ, ಇವು ದೇಶದಿಂದ ದೇಶಕ್ಕೆ ಬೇರೆ. ನಿಮ್ಮ ಲೈಸೆನ್ಸಿನ ಹಾಳೆ ಓದಿಕೊಂಡೇ ಹೊರಡಿ.

ಮೋರ್ಸೇ ಯಾಕೆ?

2003ರ ವಿಶ್ವ ರೇಡಿಯೊ ಸಮ್ಮೇಳನದಲ್ಲಿ ಮೋರ್ಸ್ ಪರೀಕ್ಷೆ ಕಡ್ಡಾಯ ಅನ್ನುವ ಅಂತರರಾಷ್ಟ್ರೀಯ ನಿಯಮ ಹೋಯಿತು. ಆಮೇಲೆ ಹಲವು ದೇಶಗಳು ಅದನ್ನು ಪರೀಕ್ಷೆಯಿಂದ ಕೈಬಿಟ್ಟವು. ಈಗ ಹೆಚ್ಚಿನ ಕಡೆ ಒತ್ತಾಯವಿಲ್ಲ, ಆದರೂ ಜನ ಕಲಿಯುತ್ತಿದ್ದಾರೆ. ಬೆನ್ನ ಮೇಲೆ ಹೊರುವ ಭಾರ ಅದಕ್ಕೊಂದು ಕಾರಣ.

ಲೆಕ್ಕ ನೋಡಿ. ಮಾತಿನ ಸಿಗ್ನಲ್ ಸುಮಾರು 2,500 ಹರ್ಟ್ಸ್ ಅಗಲ. ಮೋರ್ಸ್ ಸುಮಾರು 150 ಹರ್ಟ್ಸ್. ಕಿಟಕಿ ಸಣ್ಣದಾದಷ್ಟೂ ಒಳಗೆ ಬರುವ ಗದ್ದಲ ಕಡಿಮೆ. ಲೆಕ್ಕದ ಮಟ್ಟಿಗೆ ಅದು 12 ಡೆಸಿಬಲ್ (ಶಕ್ತಿಯ ಅನುಪಾತದ ಅಳತೆ) ಲಾಭ. 5 ವ್ಯಾಟಿಗೂ 100 ವ್ಯಾಟಿಗೂ ಇರುವ ಅಂತರ 13 ಡೆಸಿಬಲ್. ಅಂದರೆ ಅಂಗೈಯಗಲದ ಪೆಟ್ಟಿಗೆಯಿಂದ 5 ವ್ಯಾಟ್ ಮೋರ್ಸ್ ಕಳಿಸಿದರೆ, 100 ವ್ಯಾಟಿನ ಮಾತಿಗೆ ಹೆಚ್ಚುಕಡಿಮೆ ಸಮವಾಗಿ ನಿಲ್ಲುತ್ತದೆ. ಈ 5 ವ್ಯಾಟ್ ಅಥವಾ ಅದಕ್ಕಿಂತ ಕಡಿಮೆ ಶಕ್ತಿಯ ಕೆಲಸಕ್ಕೆ ಹ್ಯಾಮ್‌ಗಳು ಕ್ಯೂಆರ್‌ಪಿ ಅನ್ನುತ್ತಾರೆ. ಮೋರ್ಸ್‌ಗೆ ಸಿಡಬ್ಲ್ಯೂ ಅನ್ನುತ್ತಾರೆ. ಎರಡೂ ಪದ ಮುಂದೆ ಬರುತ್ತವೆ.

1. ಕಿವಿ ತಯಾರು ಮಾಡಿಕೊಳ್ಳಿ

ಅಕ್ಷರವನ್ನು ಚುಕ್ಕೆ-ಗೆರೆ ಎಂದು ಎಣಿಸಬೇಡಿ. ತಾಳದ ಹಾಗೆ ಕಿವಿಗೆ ಬೀಳಬೇಕು. ಚಿಕ್ಕ ಸದ್ದಿಗೆ ಡಿ ಅಥವಾ ಡಿಟ್, ಉದ್ದದ್ದಕ್ಕೆ ಡಾ ಅನ್ನುತ್ತಾರೆ. ಡಾ-ಡಿ-ಡಾ-ಡಿಟ್, ಡಾ-ಡಾ-ಡಿ-ಡಾ. ಇದು "ಸಿಕ್ಯೂ", ಅಂದರೆ "ಯಾರಾದರೂ ಉತ್ತರಿಸಿ". ನಾಲ್ಕು ದಿನ ಕೇಳಿದರೆ ಅದು ಎಂಟು ತುಂಡಾಗಿ ಅಲ್ಲ, ಒಂದೇ ರಾಗವಾಗಿ ಕೇಳಿಸುತ್ತದೆ.

ಕಲಿಯುವಾಗ ಅಕ್ಷರವನ್ನು ಎಳೆಯಬೇಡಿ, ಅಕ್ಷರಗಳ ನಡುವಿನ ಬಿಡುವನ್ನು ಎಳೆಯಿರಿ. ಅಕ್ಷರದ ವೇಗ ನಿಮಿಷಕ್ಕೆ 18-20 ಪದದಷ್ಟೇ ಇರಲಿ, ಬಿಡುವು ಉದ್ದವಾಗಿರಲಿ. ಇದಕ್ಕೆ ಫಾರ್ನ್ಸ್‌ವರ್ತ್ ವಿಧಾನ ಅಂತ ಹೆಸರು. ನಿಧಾನದ ಅಕ್ಷರ ಕೇಳಿ ಕಲಿತವರು ಎಣಿಸುವ ಚಟ ಹತ್ತಿಸಿಕೊಳ್ಳುತ್ತಾರೆ. ಆಮೇಲೆ ಅದನ್ನು ಬಿಡಿಸಲು ಕಲಿತದ್ದಕ್ಕಿಂತ ಹೆಚ್ಚು ದಿನ ಬೇಕು.

ಹೊರಡುವ ಮುಂಚೆ ಇಷ್ಟು ಬಾಯಿಪಾಠವಾಗಿರಲಿ: 26 ಅಕ್ಷರ, 10 ಅಂಕಿ, ಪ್ರಶ್ನೆ ಚಿಹ್ನೆ. ಜೊತೆಗೆ ನಿಮ್ಮದೇ ಕಾಲ್‌ಸೈನ್. ಇದನ್ನು ನಿದ್ದೆಯಲ್ಲಿ ಕೇಳಿದರೂ ಗುರುತು ಸಿಗಬೇಕು. ಬೇರೆಯವರು ಕರೆದಾಗ ಅದು ತನ್ನದೇ ಎಂದು ಗೊತ್ತಾಗದೆ ಕೂತವರನ್ನು ನಾನು ನೋಡಿದ್ದೇನೆ.

2. ರೇಡಿಯೊ, ಕೀ, ಬ್ಯಾಟರಿ

ರೇಡಿಯೊ ಬಗ್ಗೆ ಜಾಸ್ತಿ ಹೇಳುವುದಿಲ್ಲ. 5 ವ್ಯಾಟ್ ಸಿಡಬ್ಲ್ಯೂ ಕೊಡುವ, 20 ಮೀಟರ್ ಮತ್ತು 40 ಮೀಟರ್ ಬ್ಯಾಂಡ್ (ತರಂಗದ ಉದ್ದದಿಂದ ಬಂದ ಹೆಸರು) ಇರುವ ಯಾವ ಚಿಕ್ಕ ಸೆಟ್ ಆದರೂ ನಡೆಯುತ್ತದೆ. ಕಿಟ್ ತಂದು ಬೆಸುಗೆ ಹಾಕಿ ಕಟ್ಟಿದ್ದೂ ಸರಿ. ಮನೆಯಲ್ಲಿರುವ 100 ವ್ಯಾಟಿನ ಸೆಟ್ಟನ್ನೇ ಒಯ್ಯೋಣ ಅನ್ನಿಸಬಹುದು. ಅಂಥವು ಸುಮ್ನೆ ಕೇಳುತ್ತಾ ಕೂತರೂ 1 ಆಂಪಿಯರ್ ಆಸುಪಾಸು ನುಂಗುತ್ತವೆ. ಬ್ಯಾಟರಿ ಹೊರುವವರು ನೀವೇ ಅಲ್ವಾ?

ಕೀ ವಿಷಯದಲ್ಲಿ ಎರಡು ಬಗೆ. ಒತ್ತಿ ಬಿಡುವ ನೇರ ಕೀ, ಹಾಗೂ ಎರಡು ಎಲೆಗಳ ಪ್ಯಾಡಲ್. ಪ್ಯಾಡಲ್‌ನಲ್ಲಿ ಒಂದು ಕಡೆ ಒತ್ತಿದರೆ ಡಿಟ್, ಇನ್ನೊಂದು ಕಡೆ ಡಾ. ಅಳತೆಯನ್ನು ರೇಡಿಯೊ ಒಳಗಿನ ಕೀಯರ್ ನೋಡಿಕೊಳ್ಳುತ್ತದೆ. ಹೊರಗೆ ಪ್ಯಾಡಲ್ಲೇ ವಾಸಿ. ಮೊಣಕಾಲ ಮೇಲೆ, ಚಳಿಯಲ್ಲಿ, ಓರೆಯಾಗಿ ಕೂತು ನೇರ ಕೀ ಬಡಿದರೆ ಅಕ್ಷರಗಳು ಸೊಟ್ಟಗಾಗುತ್ತವೆ.

ಇಲ್ಲಿ ಎಡವುವ ಜಾಗಗಳು ಮೂರು:

ಪ್ಲಗ್. ಪ್ಯಾಡಲ್‌ಗೆ ಮೂರು ಸಂಪರ್ಕದ ಸ್ಟೀರಿಯೊ ಪ್ಲಗ್ ಬೇಕು. ಸಾಮಾನ್ಯವಾಗಿ ತುದಿ ಡಿಟ್‌ಗೆ, ನಡುವಿನ ಉಂಗುರ ಡಾಗೆ, ಬುಡ ನೆಲಕ್ಕೆ. ನೇರ ಕೀಯ ಮೋನೊ ಪ್ಲಗ್ಗನ್ನು ಆ ತೂತಿಗೆ ಹಾಕಿದರೆ ಉಂಗುರ ನೆಲಕ್ಕೆ ತಾಗಿ ರೇಡಿಯೊ ನಿಲ್ಲದೆ ಡಾ-ಡಾ-ಡಾ ಹೊಡೆಯುತ್ತದೆ. ಗಾಬರಿ ಬೀಳಬೇಡಿ, ಮೆನುವಿನಲ್ಲಿ ನೇರ ಕೀ ಎಂದು ಬದಲಿಸಿ.

ಕೀಯರ್ ಮೋಡ್. ಐಯಾಂಬಿಕ್ ಎ, ಐಯಾಂಬಿಕ್ ಬಿ ಎಂದು ಎರಡಿರುತ್ತವೆ. ಎರಡೂ ಎಲೆ ಒಟ್ಟಿಗೆ ಹಿಂಡಿ ಬಿಟ್ಟಾಗ ಬಿ ಮೋಡ್ ಒಂದು ಗುರುತನ್ನು ತಾನೇ ಸೇರಿಸುತ್ತದೆ. ಎ ಮೋಡ್‌ಗೆ ಹೊಂದಿದ ಕೈ ಬಿ ಮೋಡ್‌ನಲ್ಲಿ ಕಳಿಸಿದರೆ ಅಕ್ಷರದ ಬಾಲದಲ್ಲಿ ಬೇಡದ ಡಿಟ್ಟೋ ಡಾವೋ ಅಂಟಿಕೊಳ್ಳುತ್ತದೆ. ತಪ್ಪು ಬೆರಳಿನದಲ್ಲ, ಮೆನುವಿನದು.

ವೋಲ್ಟೇಜ್. ಹೊರಗೆ ಒಯ್ಯಲು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಒಳ್ಳೆಯದು. ಹಗುರ, ತಾಳಿಕೆಯೂ ಇದೆ. ನಾಲ್ಕು ಸೆಲ್‌ನದು 12.8 ವೋಲ್ಟ್ ಎಂದು ಬರೆದಿರುತ್ತದೆ, ಚಾರ್ಜಿಂಗ್ ಮುಗಿಯುವ ಹೊತ್ತಿಗೆ 14.6ಕ್ಕೆ ಏರಿರುತ್ತದೆ. ಕೆಲವು ಪುಟಾಣಿ ಸೆಟ್‌ಗಳಿಗೆ 12 ವೋಲ್ಟೇ ಮಿತಿ. ಸೆಟ್ಟಿನ ಕೈಪಿಡಿಯಲ್ಲಿ ಆ ಒಂದು ಸಾಲನ್ನು ಹುಡುಕಿ ಓದಿ.

ಎಷ್ಟು ದೊಡ್ಡ ಬ್ಯಾಟರಿ? ಕೇಳುವಾಗ 0.15 ಆಂಪಿಯರ್, ಕಳಿಸುವಾಗ 1.2 ಆಂಪಿಯರ್ ಎಳೆಯುವ ಸೆಟ್ ಎಂದುಕೊಳ್ಳಿ. ಹೊತ್ತಿನ ಮೂರನೇ ಒಂದು ಭಾಗ ನೀವು ಕಳಿಸುತ್ತೀರಿ. ಅದರಲ್ಲೂ ಕೀ ನಿಜವಾಗಿ ಒತ್ತಿರುವುದು ಅರ್ಧ ಹೊತ್ತು, ಉಳಿದದ್ದು ಬಿಡುವು. ಸರಾಸರಿ 0.33 ಆಂಪಿಯರ್ ಹತ್ತಿರ ಬರುತ್ತದೆ. ಮೂರು ಗಂಟೆ ಕೂತರೆ 1 ಆಂಪಿಯರ್-ಅವರ್. 3 ಆಂಪಿಯರ್-ಅವರ್‌ನ ಬ್ಯಾಟರಿ ಧಾರಾಳ. ಬ್ಯಾಟರಿಯ ಹತ್ತಿರವೇ, ಧನ ತಂತಿಯಲ್ಲಿ, ಒಂದು ಫ್ಯೂಸ್ ಇರಲೇಬೇಕು. ಚೀಲದೊಳಗೆ ಶಾರ್ಟ್ ಆದ ಲಿಥಿಯಂ ಬ್ಯಾಟರಿ ಬೆನ್ನ ಮೇಲಿದ್ದರೆ ಏನಾದೀತು ಯೋಚಿಸಿ.

3. ಆಂಟೆನಾ: ಇಲ್ಲಿ ಹೊತ್ತು ಕೊಡಿ

ಮೊದಲ ಸಲಕ್ಕೆ ನನ್ನ ಸಲಹೆ 20 ಮೀಟರ್ ಬ್ಯಾಂಡಿನ ಡೈಪೋಲ್. ಎರಡು ಸಮ ಉದ್ದದ ತಂತಿ, ನಡುವೆ ಫೀಡ್ ಲೈನ್ (ರೇಡಿಯೊಗೆ ಹೋಗುವ ಕೇಬಲ್), ಅಷ್ಟೇ. ಟ್ಯೂನರ್ ಬೇಡ, ಟ್ರಾನ್ಸ್‌ಫಾರ್ಮರ್ ಬೇಡ. ಕೆಟ್ಟರೆ ಎಲ್ಲಿ ಕೆಟ್ಟಿದೆ ಎಂದು ಬರಿಗಣ್ಣಿಗೆ ಕಾಣುತ್ತದೆ.

ಉದ್ದದ ಸೂತ್ರ: 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ, ಮೀಟರ್ ಸಿಗುತ್ತದೆ. 20 ಮೀಟರ್‌ನಲ್ಲಿ ಕ್ಯೂಆರ್‌ಪಿಯವರು ಸೇರುವ 14.060 ಮೆಗಾಹರ್ಟ್ಸ್‌ಗೆ 10.17 ಮೀಟರ್. ಒಂದೊಂದು ತೋಳು 5.08 ಮೀಟರ್. ಆದರೆ ಅಷ್ಟಕ್ಕೇ ಕತ್ತರಿಸಬೇಡಿ. ಒಂದೊಂದು ತೋಳಿಗೆ 20 ಸೆಂಟಿಮೀಟರ್ ಜಾಸ್ತಿ ಬಿಡಿ. ಪ್ಲಾಸ್ಟಿಕ್ ಹೊದಿಕೆಯ ತಂತಿ ಲೆಕ್ಕಕ್ಕಿಂತ ಸ್ವಲ್ಪ ಉದ್ದದ್ದರಂತೆ ನಡೆದುಕೊಳ್ಳುತ್ತದೆ. ತೋಳುಗಳನ್ನು ಕೆಳಗೆ ಇಳಿಬಿಟ್ಟರೂ ಲೆಕ್ಕ ಕೊಂಚ ಬದಲಾಗುತ್ತದೆ. ಕತ್ತರಿಸಿದ್ದನ್ನು ಮತ್ತೆ ಅಂಟಿಸುವುದು ರಗಳೆ. ಉಳಿದದ್ದನ್ನು ಹಿಂದಕ್ಕೆ ಮಡಿಸಿ ಸುತ್ತಿದರೆ ಆಯಿತು.

ಈಗ ಅಳೆಯಿರಿ. ಆಂಟೆನಾ ಅನಲೈಸರ್ ಇದ್ದರೆ ಅದರಲ್ಲಿ, ಇಲ್ಲದಿದ್ದರೆ ರೇಡಿಯೊ ಒಳಗಿನ ಎಸ್‌ಡಬ್ಲ್ಯೂಆರ್ ಮೀಟರಿನಲ್ಲಿ. ಎಸ್‌ಡಬ್ಲ್ಯೂಆರ್ ಅಂದರೆ ನೀವು ಕಳಿಸಿದ ಶಕ್ತಿ ಆಂಟೆನಾಗೆ ಎಷ್ಟು ಚೆನ್ನಾಗಿ ಹೋಗುತ್ತಿದೆ, ಎಷ್ಟು ಹಿಂದೆ ಬರುತ್ತಿದೆ ಎಂಬುದರ ಅಳತೆ. 1 ಆದರೆ ಪೂರ್ತಿ ಒಳಗೆ. 2 ಆದರೆ ಸುಮಾರು 11 ಶೇಕಡಾ ವಾಪಸ್. 3 ಆದರೆ ಕಾಲು ಪಾಲು ವಾಪಸ್. 1.5ರ ಒಳಗಿದ್ದರೆ ಮುಂದೆ ಯೋಚಿಸಬೇಡಿ. 2 ದಾಟಿದರೆ ಸರಿಪಡಿಸಿ, ಚಿಕ್ಕ ಸೆಟ್‌ಗಳ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳಿಗೆ ವಾಪಸ್ ಬರುವ ಶಕ್ತಿ ತಡೆಯುವುದಿಲ್ಲ.

ಅತಿ ಕಡಿಮೆ ಎಸ್‌ಡಬ್ಲ್ಯೂಆರ್ 13.8 ಮೆಗಾಹರ್ಟ್ಸ್‌ನಲ್ಲಿ ಕಾಣಿಸಿತು ಅನ್ನಿ. ಬೇಕಿದ್ದಕ್ಕಿಂತ ಕೆಳಗೆ, ಅಂದರೆ ತಂತಿ ಉದ್ದವಾಯಿತು. ಎಷ್ಟು ಉದ್ದ? 14.06ಕ್ಕೂ 13.8ಕ್ಕೂ ವ್ಯತ್ಯಾಸ ನೂರಕ್ಕೆ ಎರಡರ ಹತ್ತಿರ. ಒಂದೊಂದು ತೋಳಿನಲ್ಲಿ ಸುಮಾರು 10 ಸೆಂಟಿಮೀಟರ್ ಹಿಂದಕ್ಕೆ ಮಡಿಸಿ, ಮತ್ತೆ ಅಳೆಯಿರಿ. ಎರಡು ಸುತ್ತಿನಲ್ಲಿ ಸರಿಹೋಗುತ್ತದೆ. ಹೊರಗೆ ಹೇಗೆ ಕಟ್ಟುತ್ತೀರೋ ಅದೇ ಎತ್ತರದಲ್ಲಿ, ಅದೇ ಆಕಾರದಲ್ಲಿ ಇಟ್ಟು ಅಳೆಯಬೇಕು. ನೆಲದ ಮೇಲೆ ಹಾಸಿ ಅಳೆದ ಅಂಕಿಗೆ ಬೆಲೆಯಿಲ್ಲ.

ಡೈಪೋಲ್ ಅಭ್ಯಾಸವಾದ ಮೇಲೆ ತುದಿಯಿಂದ ಫೀಡ್ ಮಾಡುವ ಅರ್ಧ ತರಂಗದ ತಂತಿ ನೋಡಿ. ಇಎಫ್‌ಎಚ್‌ಡಬ್ಲ್ಯೂ ಅನ್ನುತ್ತಾರೆ. ಸುಮಾರು 20 ಮೀಟರ್ ಉದ್ದದ ಒಂದೇ ತಂತಿ, ಒಂದು ತುದಿಯಲ್ಲಿ 49:1 ಟ್ರಾನ್ಸ್‌ಫಾರ್ಮರ್. 40, 20, 15, 10 ಮೀಟರ್ ನಾಲ್ಕರಲ್ಲೂ ಕೆಲಸ ಮಾಡುತ್ತದೆ. ಬೆಟ್ಟ ಹತ್ತುವವರಲ್ಲಿ ಹಲವರು ಇದನ್ನೇ ಒಯ್ಯುತ್ತಾರೆ. ಎಚ್ಚರ ಒಂದಿದೆ: ಟ್ರಾನ್ಸ್‌ಫಾರ್ಮರ್‌ನಿಂದ ತಂತಿ ಹೊರಡುವ ಕಡೆ ಬರೀ 5 ವ್ಯಾಟಿನಲ್ಲೂ 110 ವೋಲ್ಟ್ ಆಸುಪಾಸು ಇರುತ್ತದೆ. ಕಳಿಸುವಾಗ ಬೆರಳು ತಾಗಿದರೆ ಚುರ್ ಅನ್ನುತ್ತದೆ.

ಫೀಡ್ ಲೈನ್‌ಗೆ ಆರ್‌ಜಿ-174 ತರಹದ ತೆಳು ಕೋಆಕ್ಸ್ ಕೇಬಲ್ ಸಾಕು. 10 ಮೀಟರ್ ಉದ್ದಕ್ಕೆ 14 ಮೆಗಾಹರ್ಟ್ಸ್‌ನಲ್ಲಿ 1 ಡೆಸಿಬಲ್ ಚಿಲ್ಲರೆ ಕಳೆದುಹೋಗುತ್ತದೆ. ಹೋಗಲಿ ಬಿಡಿ. ದಪ್ಪ ಕೇಬಲ್ ಹೊತ್ತು ಉಳಿಸುವ ಆ ಒಂದು ಡೆಸಿಬಲ್ ಬೆನ್ನುನೋವಿಗೆ ಸಮನಲ್ಲ.

4. ಮನೆ ಹತ್ತಿರವೇ ಒಂದು ರಿಹರ್ಸಲ್

ಇದನ್ನು ಬಿಟ್ಟುಬಿಡುವವರೇ ಜಾಸ್ತಿ. ಒಯ್ಯುವ ಚೀಲವನ್ನು ಪೂರ್ತಿ ಕಟ್ಟಿ. ಅಂಗಳಕ್ಕೋ ಟೆರೇಸಿಗೋ ಹೋಗಿ, ಚೀಲದಲ್ಲಿದ್ದದ್ದು ಬಿಟ್ಟು ಬೇರೇನೂ ಮುಟ್ಟದೆ ಒಂದು ಸಂಪರ್ಕ ಮಾಡಿ. ಏನಾದರೂ ತರಲು ಒಳಗೆ ಓಡಿದಿರಾ? ಚೀಲದಲ್ಲಿ ಇಲ್ಲದ್ದು ಅದೇ. ತಂದು ಹಾಕಿ.

ನಾನೂ ಒಮ್ಮೆ ಎರಡು ಗಂಟೆ ಬೆಟ್ಟ ಹತ್ತಿ ಚೀಲ ಬಿಚ್ಚಿದಾಗ ಪ್ಯಾಡಲ್ ಇರಲಿಲ್ಲ. ಹೆಡ್‌ಫೋನ್ ವೈರಿನ ತುದಿ ಸುಲಿದು, ಎರಡು ಎಳೆ ಒಂದಕ್ಕೊಂದು ಮುಟ್ಟಿಸಿ ನಾಲ್ಕು ಸಂಪರ್ಕ ಮಾಡಿ ಇಳಿದೆ. ಅವತ್ತಿನಿಂದ ಪ್ಯಾಡಲ್ ರೇಡಿಯೊ ಡಬ್ಬಿಯೊಳಗೇ ಇರುತ್ತದೆ.

5. ಜಾಗ ಮತ್ತು ಹೊತ್ತು

ಮೊದಲು ತಲೆ ಎತ್ತಿ ನೋಡಿ. ವಿದ್ಯುತ್ ತಂತಿ ಕಾಣಿಸಿದರೆ ಜಾಗ ಬದಲಿಸಿ. ಕಂಬ ಬಿದ್ದರೆ, ಹಗ್ಗ ಗಾಳಿಗೆ ಹಾರಿದರೆ ತಗಲುವಷ್ಟು ಹತ್ತಿರ ವಿದ್ಯುತ್ ತಂತಿ ಇರಲೇಬಾರದು. ಗುಡುಗು ಕೇಳಿದರೆ ಎಲ್ಲ ಬಿಟ್ಟು ಇಳಿಯಿರಿ, ಆಂಟೆನಾ ಆಮೇಲೆ ಬಂದು ಬಿಚ್ಚಬಹುದು. ಕಾಲುದಾರಿಗೆ ಅಡ್ಡ ಕಟ್ಟಬೇಡಿ. ತಂತಿ ತಲೆಯ ಮಟ್ಟಕ್ಕೆ ಬರುವ ಕಡೆ ಬಣ್ಣದ ಬಟ್ಟೆ ಚೂರು ಕಟ್ಟಿ. ಇವು ಮೂರೂ ಮಾತು ಬೇಸರ ತರಿಸುತ್ತವೆ, ಆದರೂ ಹೇಳಬೇಕು.

ಬ್ಯಾಂಡ್ ಆಯ್ಕೆ ಹೊತ್ತಿನ ಮೇಲೆ. ಹಗಲು 20 ಮೀಟರ್ ನಂಬಿಕಸ್ಥ. ಸೂರ್ಯನ ಚಟುವಟಿಕೆ ಜೋರಿರುವ ವರ್ಷಗಳಲ್ಲಿ 15 ಮತ್ತು 10 ಮೀಟರ್ ಹಬ್ಬ. 40 ಮೀಟರ್ ಹಗಲಲ್ಲಿ ಕೆಲವು ನೂರು ಕಿಲೋಮೀಟರ್‌ಗೆ ಸೈ, ಸಂಜೆಯ ಮೇಲೆ ದೂರಕ್ಕೆ ಹಿಗ್ಗುತ್ತದೆ. ಹಗಲು ಅಯಾನುಗೋಳದ (ರೇಡಿಯೊ ತರಂಗವನ್ನು ಭೂಮಿಗೆ ಹಿಂದಿರುಗಿಸುವ ಮೇಲಿನ ವಾಯುಪದರ) ಕೆಳಗಿನ ಡಿ ಪದರ ತಗ್ಗು ಫ್ರೀಕ್ವೆನ್ಸಿಗಳನ್ನು ಹೀರಿಕೊಳ್ಳುತ್ತದೆ, ಕತ್ತಲಾದರೆ ಆ ಪದರ ಕರಗುತ್ತದೆ. ಅದೇ ಕಾರಣ. 30 ಮೀಟರ್ ಎರಡರ ನಡುವಿನದು. ಬ್ಯಾಂಡ್ ಪ್ಲಾನ್ (ಯಾವ ಬಗೆಯ ಸಿಗ್ನಲ್ಲಿಗೆ ಎಲ್ಲಿ ಜಾಗ ಎಂಬ ಪಟ್ಟಿ) ಪ್ರಕಾರ ಅಲ್ಲಿ ಸಾಮಾನ್ಯವಾಗಿ ಮಾತಿಗೆ ಜಾಗವಿಲ್ಲ, ಹಾಗಾಗಿ ಸಿಡಬ್ಲ್ಯೂನವರಿಗೆ ನೆಮ್ಮದಿ.

6. ತಂತಿ ಏರಿಸುವುದು

ಮರವಿದ್ದರೆ ಮರ, ಇಲ್ಲದಿದ್ದರೆ 6ರಿಂದ 10 ಮೀಟರಿನ ಮಡಚುವ ಫೈಬರ್‌ಗ್ಲಾಸ್ ಕಂಬ. ಕಾರ್ಬನ್ ಫೈಬರ್ ಗಾಳದ ಕೋಲು ಹಗುರ ಎಂದು ಆಸೆಪಡಬೇಡಿ. ಕಾರ್ಬನ್‌ನಲ್ಲಿ ಕರೆಂಟ್ ಹರಿಯುತ್ತದೆ, ಆಂಟೆನಾ ಹಾಳಾಗುತ್ತದೆ.

ಮರಕ್ಕೆ ತಂತಿಯನ್ನೇ ಎಸೆಯಬಾರದು. ತೆಳು ಹಗ್ಗದ ತುದಿಗೆ 200-300 ಗ್ರಾಂ ಮರಳಿನ ಪುಟ್ಟ ಚೀಲ ಕಟ್ಟಿ ಎಸೆಯಿರಿ. ಕಲ್ಲು ಕಟ್ಟಿದರೆ ಕೊಂಬೆಗೆ ಸುತ್ತಿಕೊಂಡು ನಿಲ್ಲುತ್ತದೆ. ಹಗ್ಗವನ್ನು ಮೊದಲು ನೆಲದ ಮೇಲೆ ಸಡಿಲವಾಗಿ ಹರಡಿ. ಕೈಯಲ್ಲಿ ಸುತ್ತಿ ಹಿಡಿದರೆ ಅರ್ಧ ದಾರಿಯಲ್ಲಿ ಗಂಟಾಗುತ್ತದೆ. ಎಸೆಯುವ ಎದುರಿಗೆ ಯಾರೂ ಇರಬಾರದು. ತೀರಾ ಎತ್ತರದ ಕೊಂಬೆಗೆ ಗುರಿಯಿಡಬೇಡಿ. 6-7 ಮೀಟರ್ ಸಾಕು. 12 ಮೀಟರಿಗೆ ಆಸೆಪಟ್ಟು ಅರ್ಧ ಗಂಟೆ ಕಳೆದವರೇ ಜಾಸ್ತಿ.

ಡೈಪೋಲ್ ನಡುವನ್ನು ಮೇಲೆಳೆದು ಎರಡು ತೋಳುಗಳನ್ನು ಇಳಿಜಾರಾಗಿ ಕಟ್ಟಿ, ತಲೆಕೆಳಗಾದ ವಿ ಆಕಾರ. ತೋಳುಗಳ ನಡುವಿನ ಕೋನ 90 ಡಿಗ್ರಿಗಿಂತ ಕಡಿಮೆ ಆಗದಿರಲಿ. ತುದಿಗಳು ನೆಲದಿಂದ ಕನಿಷ್ಠ ಒಂದೆರಡು ಮೀಟರ್ ಮೇಲಿರಲಿ. ಮತ್ತೊಮ್ಮೆ ಎಸ್‌ಡಬ್ಲ್ಯೂಆರ್ ನೋಡಿ. ರಿಹರ್ಸಲ್‌ನಲ್ಲಿ 1.3 ಇದ್ದದ್ದು ಇಲ್ಲಿ 5 ತೋರಿಸಿದರೆ ತಂತಿಯ ಉದ್ದ ಬದಲಾಗಿಲ್ಲ. ಯಾವುದೋ ಕನೆಕ್ಟರ್ ಸಡಿಲ. ಮೊದಲು ಅದನ್ನೇ ತಿರುಗಿಸಿ ನೋಡಿ.

7. ಮೊದಲು ಕೇಳಿ

ಇಯರ್‌ಫೋನ್ ಹಾಕಿಕೊಳ್ಳಿ. ಗಾಳಿ, ಎಲೆ, ಜನ, ಇವುಗಳ ನಡುವೆ ಸ್ಪೀಕರಿನಲ್ಲಿ ಸಣ್ಣ ಸಿಗ್ನಲ್ ಸಿಗುವುದಿಲ್ಲ. ಹತ್ತು ನಿಮಿಷ ಸುಮ್ನೆ ಬ್ಯಾಂಡ್ ತಿರುಗಿಸಿ. ಯಾರು ಕೇಳಿಸುತ್ತಿದ್ದಾರೆ, ಎಷ್ಟು ದೂರದವರು ಎಂದು ನೋಡಿದರೆ ಬ್ಯಾಂಡ್ ತೆರೆದಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಕ್ಯೂಆರ್‌ಪಿಯವರು ಸೇರುವ ಫ್ರೀಕ್ವೆನ್ಸಿಗಳು 20, 15, 10 ಮೀಟರ್‌ನಲ್ಲಿ ಕ್ರಮವಾಗಿ 14.060, 21.060, 28.060 ಮೆಗಾಹರ್ಟ್ಸ್. 40 ಮೀಟರ್‌ನಲ್ಲಿ 7.030, 30 ಮೀಟರ್‌ನಲ್ಲಿ 10.116. ಪ್ರದೇಶದಿಂದ ಪ್ರದೇಶಕ್ಕೆ ಸ್ವಲ್ಪ ಹೆಚ್ಚುಕಡಿಮೆ, ನಿಮ್ಮ ಬ್ಯಾಂಡ್ ಪ್ಲಾನ್ ನೋಡಿಕೊಳ್ಳಿ. ಸರಿಯಾಗಿ ಅಂಕಿಯ ಮೇಲೇ ಕೂರಬೇಕಿಲ್ಲ, ಒಂದೆರಡು ಕಿಲೋಹರ್ಟ್ಸ್ ಆಚೀಚೆ ಇದ್ದರೂ ಜನ ಹುಡುಕುತ್ತಾರೆ.

ಖಾಲಿ ಅನ್ನಿಸಿದ ಜಾಗದಲ್ಲಿ ಕೇಳಿ: "ಕ್ಯೂಆರ್‌ಎಲ್ ?" ಅಂದರೆ "ಇಲ್ಲಿ ಯಾರಾದರೂ ಇದ್ದೀರಾ?" ಕೆಲವು ಸೆಕೆಂಡ್ ಕಾಯಿರಿ, ಇನ್ನೊಮ್ಮೆ ಕೇಳಿ. "ಆರ್" ಅಥವಾ "ಸಿ" ಎಂದು ಒಂದೇ ಅಕ್ಷರ ಬಂದರೂ ಅದು "ಹೌದು, ಇದ್ದೇವೆ" ಎಂದರ್ಥ. ಬೇರೆ ಕಡೆ ಹೋಗಿ. ನಿಮಗೆ ಒಬ್ಬರು ಮಾತ್ರ ಕೇಳಿಸದೇ ಇರಬಹುದು, ಇಬ್ಬರ ನಡುವೆ ನೀವು ನುಗ್ಗಿರಬಹುದು.

8. ಸಂಪರ್ಕ ನಡೆಯುವ ಬಗೆ

ಒಂದು ಸಂಪರ್ಕವನ್ನು ಪೂರ್ತಿ ತೋರಿಸುತ್ತೇನೆ. ಕ್ಯೂ ಅಕ್ಷರದಿಂದ ಶುರುವಾಗುವ ಕಾಲ್‌ಸೈನ್ ಯಾವ ದೇಶಕ್ಕೂ ಕೊಟ್ಟಿಲ್ಲ. ಹಾಗಾಗಿ ಉದಾಹರಣೆಗೆ ನೀವು ಕ್ಯೂ1ಎಬಿ, ಎದುರಿನವರು ಕ್ಯೂ7ಆರ್‌ಎಂಟಿ.

ನೀವು: ಸಿಕ್ಯೂ ಸಿಕ್ಯೂ ಡಿಇ ಕ್ಯೂ1ಎಬಿ ಕ್ಯೂ1ಎಬಿ ಕೆ

ಅವರು: ಕ್ಯೂ7ಆರ್‌ಎಂಟಿ

ನೀವು: ಕ್ಯೂ7ಆರ್‌ಎಂಟಿ ಜಿಎಂ 559 559 ಬಿಕೆ

ಅವರು: ಬಿಕೆ ಆರ್ ಟಿಯು 449 449 73 ಬಿಕೆ

ನೀವು: ಟಿಯು 73 ಇ ಇ

ಮುಗಿಯಿತು. ಒಂದು ನಿಮಿಷ ಹಿಡಿಯುತ್ತದೆ. "ಡಿಇ" ಅಂದರೆ "ಇವರಿಂದ". "ಕೆ" ಅಂದರೆ "ನೀವು ಕಳಿಸಿ". "ಆರ್" ಸಿಕ್ಕಿತು, "ಜಿಎಂ" ಶುಭೋದಯ, "ಟಿಯು" ಧನ್ಯವಾದ, "73" ಶುಭಾಶಯ. "ಬಿಕೆ" ಅಂದರೆ ಸರದಿ ಥಟ್ಟನೆ ಬಿಟ್ಟುಕೊಟ್ಟೆ ಎಂದು. ಕೊನೆಯ ಎರಡು "ಇ" ಬರೀ ಎರಡು ಡಿಟ್. ಹೋಗುವಾಗ ಕೈ ಬೀಸಿದ ಹಾಗೆ. ಎದುರಿನವರೂ ಡಿಟ್ ಡಿಟ್ ಎಂದು ಬೀಸುತ್ತಾರೆ. ಇದಕ್ಕೆ ಯಾವ ನಿಯಮವೂ ಇಲ್ಲ, ಎಲ್ಲರೂ ಮಾಡುತ್ತಾರೆ.

559 ಅಂದರೆ ಆರ್‌ಎಸ್‌ಟಿ ವರದಿ. ಮೊದಲ ಅಂಕಿ ಎಷ್ಟು ಅರ್ಥವಾಗುತ್ತಿದೆ ಎಂದು, 5ರವರೆಗೆ. ಎರಡನೆಯದು ಸಿಗ್ನಲ್ ಬಲ, 9ರವರೆಗೆ. ಮೂರನೆಯದು ನಾದದ ಶುದ್ಧಿ, ಈಗಿನ ಸೆಟ್‌ಗಳಲ್ಲಿ ಯಾವಾಗಲೂ 9. ಹಲವರು 599 ಕೊಟ್ಟುಬಿಡುತ್ತಾರೆ, ಅದನ್ನೂ "5ಎನ್‌ಎನ್" ಎಂದು ಕಳಿಸುತ್ತಾರೆ. 9ರ ಬದಲು ಎನ್ ಕಳಿಸಿದರೆ ಸಮಯ ಉಳಿಯುತ್ತದೆ. ಹೊರಗೆ ಕೂತವರು ನಿಜ ವರದಿ ಕೊಡಬೇಕು ಅನ್ನುವುದು ನನ್ನ ಅಭಿಪ್ರಾಯ. 339 ಎಂದು ಕೇಳಿದರೆ ಎದುರಿನವರು ಎರಡೆರಡು ಸಲ ಕಳಿಸುತ್ತಾರೆ. 599 ಕೊಟ್ಟು ಆಮೇಲೆ "ಮತ್ತೆ ಹೇಳಿ" ಅಂದರೆ ನಗು ಬರುತ್ತದೆ.

ವೇಗದ ಗುಟ್ಟು ಇದು: ನೀವು ಕರೆದ ವೇಗದಲ್ಲೇ ಒಳ್ಳೆಯ ಆಪರೇಟರ್‌ಗಳು ಉತ್ತರಿಸುತ್ತಾರೆ. ಆದ್ದರಿಂದ ಕೇಳಿ ಹಿಡಿಯಬಲ್ಲ ವೇಗದಲ್ಲೇ ಕಳಿಸಿ. ಪ್ಯಾಡಲ್‌ನಲ್ಲಿ 20 ಕಳಿಸಲು ಬಂದ ಮಾತ್ರಕ್ಕೆ 20ರಲ್ಲಿ ಕರೆದರೆ ಉತ್ತರವೂ 20ರಲ್ಲೇ ಬಂದು ತಲೆಯ ಮೇಲೆ ಹಾದುಹೋಗುತ್ತದೆ. ಹಾಗೂ ಜೋರಾಗಿ ಬಂದರೆ "ಕ್ಯೂಆರ್‌ಎಸ್" ಕಳಿಸಿ, "ನಿಧಾನ ಮಾಡಿ" ಎಂದು. ನಾಚಿಕೆಪಡುವ ವಿಷಯವಲ್ಲ.

ಇನ್ನೊಬ್ಬರು ಕರೆಯುವುದಕ್ಕೆ ನೀವು ಉತ್ತರಿಸುವಾಗ ಅವರ ಫ್ರೀಕ್ವೆನ್ಸಿಯ ಮೇಲೆ ಸರಿಯಾಗಿ ಕೂರಬೇಕು. ನಿಮ್ಮ ಕೀ ಒತ್ತಿದಾಗ ಕೇಳುವ ನಾದ, ಅಂದರೆ ಸೈಡ್‌ಟೋನ್, ಸಾಮಾನ್ಯವಾಗಿ 600-700 ಹರ್ಟ್ಸ್ ಇರುತ್ತದೆ. ಅವರ ನಾದ ಅದಕ್ಕೆ ಶ್ರುತಿ ಸೇರುವ ತನಕ ಗುಂಡಿ ತಿರುಗಿಸಿ. ಸೇರದಿದ್ದರೆ ಅವರ ಕಿರಿದಾದ ಫಿಲ್ಟರಿನ ಆಚೆ ನೀವು ಕೂಗುತ್ತಾ ಕೂತಿರುತ್ತೀರಿ. ಉತ್ತರ ಸಿಗದ ಮೊದಲಿಗರಲ್ಲಿ ನಾನು ಮೊದಲು ಅನುಮಾನಪಡುವುದು ಇದನ್ನೇ.

9. ಒಟ್ಟಿಗೆ ಹಲವರು ಬಿದ್ದರೆ

ಸೋಟಾ, ಪೋಟಾ ಎಂಬ ಹೆಸರು ಕೇಳಿರುತ್ತೀರಿ. ಸೋಟಾ, ಅಂದರೆ ಸಮ್ಮಿಟ್ಸ್ ಆನ್ ದಿ ಏರ್, 2002ರಲ್ಲಿ ಬ್ರಿಟನ್ನಿನಲ್ಲಿ ಶುರುವಾದದ್ದು. ಪಟ್ಟಿಯಲ್ಲಿರುವ ಬೆಟ್ಟದ ತುದಿಗೆ ಹೋಗಿ ನಾಲ್ಕು ಸಂಪರ್ಕ ಮಾಡಿದರೆ ಅಂಕ. ಕಾರಿನೊಳಗೆ ಕೂತು ಮಾಡುವಂತಿಲ್ಲ. ಪೋಟಾ, ಅಂದರೆ ಪಾರ್ಕ್ಸ್ ಆನ್ ದಿ ಏರ್‌ನಲ್ಲಿ, ಒಂದೇ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಸಮಯ) ದಿನದೊಳಗೆ ಹತ್ತು ಸಂಪರ್ಕ ಬೇಕು. ಇಂಥ ಕಡೆಯಿಂದ ಕರೆದರೆ ಜನ ಮುಗಿಬೀಳುತ್ತಾರೆ. ಆ ಗದ್ದಲಕ್ಕೆ ಪೈಲ್‌ಅಪ್ ಅನ್ನುತ್ತಾರೆ.

ಪೂರ್ತಿ ಕಾಲ್‌ಸೈನ್ ಹಿಡಿಯಲು ಹೋಗಬೇಡಿ. ಎರಡು ಅಕ್ಷರ ಸಿಕ್ಕಿತೇ? ಅಷ್ಟನ್ನೇ ಕಳಿಸಿ: "ಎಂಟಿ ?" ಆಗ ಆ ಅಕ್ಷರಗಳಿಲ್ಲದವರು ಸುಮ್ಮನಾಗಬೇಕು, ಇರುವವರು ಮತ್ತೆ ಕಳಿಸುತ್ತಾರೆ. ಒಮ್ಮೆ "ಎಂಟಿ" ಎಂದು ಕೇಳಿದ ಮೇಲೆ ಬೇರೆಯವರು ಜೋರಾಗಿ ನುಗ್ಗಿದರೂ ಎಂಟಿಯನ್ನೇ ಮುಗಿಸಿ. ಜೋರಿದ್ದವರಿಗೆ ಮಣಿದರೆ ಮುಂದಿನ ಸಲ ಎಲ್ಲರೂ ಜೋರಾಗುತ್ತಾರೆ. ಯಾರೂ ಸ್ಪಷ್ಟವಾಗಿಲ್ಲದಿದ್ದರೆ ಬರೀ "?" ಕಳಿಸಿ ಕಾಯಿರಿ.

ಕರೆಯುವವರು ಸ್ವಲ್ಪ ಆಚೀಚೆ ಫ್ರೀಕ್ವೆನ್ಸಿಯಲ್ಲಿದ್ದರೆ ದೊಡ್ಡ ಗುಂಡಿ ಮುಟ್ಟಬೇಡಿ, ನೀವು ಕಳಿಸುವ ಜಾಗವೂ ಸರಿದುಹೋಗುತ್ತದೆ. ಆರ್‌ಐಟಿ ಎಂಬ ಗುಂಡಿ ಕೇಳುವ ಫ್ರೀಕ್ವೆನ್ಸಿಯನ್ನು ಮಾತ್ರ ಸರಿಸುತ್ತದೆ. ಆ ಸಂಪರ್ಕ ಮುಗಿದ ಕೂಡಲೇ ಅದನ್ನು ಸೊನ್ನೆಗೆ ತನ್ನಿ. ಮರೆತರೆ ಮುಂದಿನ ಹತ್ತು ನಿಮಿಷ ಯಾರೂ ಕೇಳಿಸುವುದಿಲ್ಲ.

10. ಯಾರೂ ಉತ್ತರಿಸದಿದ್ದರೆ

ಹೀಗೂ ಆಗುತ್ತದೆ. ಮೊದಲು ನಿಮ್ಮ ಸಿಗ್ನಲ್ ಹೊರಗೆ ಹೋಗುತ್ತಿದೆಯೇ ಎಂದು ನೋಡಿ. ಇದಕ್ಕೆ ಸಿಡಬ್ಲ್ಯೂನವರಿಗೆ ಒಂದು ವರವಿದೆ, ರಿವರ್ಸ್ ಬೀಕನ್ ನೆಟ್‌ವರ್ಕ್. ಜಗತ್ತಿನ ಹಲವು ಕಡೆ ಹವ್ಯಾಸಿಗಳು ಇಟ್ಟಿರುವ ರಿಸೀವರ್‌ಗಳು ಬ್ಯಾಂಡ್ ಪೂರ್ತಿ ಕೇಳುತ್ತಿರುತ್ತವೆ. ಸಿಕ್ಯೂ ಕರೆಯುವವರ ಕಾಲ್‌ಸೈನ್ ಹಿಡಿದು ಅಂತರ್ಜಾಲದಲ್ಲಿ ಹಾಕುತ್ತವೆ. ಕರೆದ ಒಂದೆರಡು ನಿಮಿಷದಲ್ಲಿ ಫೋನ್ ತೆಗೆದು ನೋಡಿದರೆ ಎಲ್ಲಿ, ಎಷ್ಟು ಡೆಸಿಬಲ್ ಬಲದಲ್ಲಿ ಕೇಳಿಸಿದಿರಿ ಎಂದು ಗೊತ್ತಾಗುತ್ತದೆ. ಸೋಟಾ ತಾಣದಲ್ಲಿ ಮೊದಲೇ "ಇಂಥ ದಿನ ಇಂಥ ಬೆಟ್ಟದಲ್ಲಿರುತ್ತೇನೆ" ಎಂದು ಅಲರ್ಟ್ ಹಾಕಿದ್ದರೆ, ಈ ನೆಟ್‌ವರ್ಕ್ ನಿಮ್ಮನ್ನು ಹಿಡಿದ ಕೂಡಲೇ ಆ ಸುದ್ದಿ ತಾನೇ ಬೇಟೆಗಾರರ, ಅಂದರೆ ಬೆಟ್ಟದ ಮೇಲಿನವರನ್ನು ಹುಡುಕಿ ಸಂಪರ್ಕಿಸುವವರ, ಪಟ್ಟಿಗೆ ಹೋಗುತ್ತದೆ. ತುದಿಯಲ್ಲಿ ಫೋನ್ ಸಿಗ್ನಲ್ ಇಲ್ಲದಿದ್ದರೂ ಜನ ಬರುತ್ತಾರೆ.

ಆ ಯಂತ್ರಗಳಿಗೆ ನಿಮ್ಮ ಅಕ್ಷರ ಅರ್ಥವಾಗಬೇಕು. ಅಕ್ಷರಗಳ ನಡುವೆ ಮೂರು ಡಿಟ್‌ನಷ್ಟು, ಪದಗಳ ನಡುವೆ ಏಳು ಡಿಟ್‌ನಷ್ಟು ಬಿಡುವು. ನಿಮಿಷಕ್ಕೆ 12 ಪದದ ವೇಗದಲ್ಲಿ ಒಂದು ಡಿಟ್ 100 ಮಿಲಿಸೆಕೆಂಡ್, ಪದಗಳ ನಡುವೆ 700. "ಸಿಕ್ಯೂಡಿಇ" ಎಂದು ಅಂಟಿಸಿ ಕಳಿಸಿದರೆ ಯಂತ್ರಕ್ಕೆ ಕರೆ ಎಂದೇ ತಿಳಿಯುವುದಿಲ್ಲ. ಸೆಟ್‌ನಲ್ಲಿ ಮೆಮೊರಿ ಕೀಯರ್ ಇದ್ದರೆ ಸಿಕ್ಯೂ ಅದರಲ್ಲಿ ತುಂಬಿಡಿ. ಬಿಡುವು ಅಳತೆಗೆ ಬರುತ್ತದೆ, ನಿಮಗೆ ನೀರು ಕುಡಿಯಲೂ ಹೊತ್ತು ಸಿಗುತ್ತದೆ.

ಯಾವ ರಿಸೀವರ್‌ಗೂ ಕೇಳಿಸದಿದ್ದರೆ ಕನೆಕ್ಟರ್, ಎಸ್‌ಡಬ್ಲ್ಯೂಆರ್, ಪವರ್ ಸೆಟ್ಟಿಂಗ್ ಈ ಕ್ರಮದಲ್ಲಿ ನೋಡಿ. ಎಲ್ಲ ಸರಿಯಿದ್ದೂ ಮೌನವಾದರೆ ಬ್ಯಾಂಡ್ ಬದಲಿಸಿ. ಅಥವಾ ಕರೆಯುವುದನ್ನು ಬಿಟ್ಟು ಜೋರಾಗಿ ಕೇಳಿಸುವವರಿಗೆ ಉತ್ತರಿಸಿ. ಅವರ ಆಂಟೆನಾ ದೊಡ್ಡದು, ನಿಮ್ಮ ಸಣ್ಣ ಸಿಗ್ನಲ್ಲೂ ಅವರಿಗೆ ಸಿಗುತ್ತದೆ.

11. ಬರೆದಿಡಿ, ಬಿಚ್ಚಿ

ಲಾಗ್‌ಗೆ, ಅಂದರೆ ಸಂಪರ್ಕಗಳ ದಾಖಲೆಗೆ, ಕಾಗದ ಮತ್ತು ಪೆನ್ಸಿಲ್. ಪೆನ್ನು ಚಳಿಗೆ ಕೈಕೊಡುತ್ತದೆ, ಮಳೆಗೆ ಕಲೆಯಾಗುತ್ತದೆ. ಯುಟಿಸಿ ಸಮಯ, ಕಾಲ್‌ಸೈನ್, ಫ್ರೀಕ್ವೆನ್ಸಿ, ಕೊಟ್ಟ ಮತ್ತು ಬಂದ ವರದಿ, ಇಷ್ಟು ಸಾಕು. ವಾಚನ್ನು ಮೊದಲೇ ಯುಟಿಸಿಗೆ ತಿರುಗಿಸಿಡಿ, ಅಲ್ಲಿ ಕೂತು ಲೆಕ್ಕ ಹಾಕಿದರೆ ತಾರೀಖೇ ತಪ್ಪುತ್ತದೆ. ಕೇಳಿದ್ದನ್ನು ತಲೆಯಲ್ಲಿಟ್ಟುಕೊಂಡು ಆಮೇಲೆ ಬರೆಯೋಣ ಅನ್ನಬೇಡಿ. ಅಕ್ಷರ ಬಿದ್ದಂತೆ ಬರೆಯಿರಿ, ತಪ್ಪಿದ ಅಕ್ಷರದ ಜಾಗಕ್ಕೆ ಒಂದು ಗೆರೆ ಎಳೆದು ಮುಂದಕ್ಕೆ ಹೋಗಿ. ತಪ್ಪಿದ್ದನ್ನು ನೆನೆಯುತ್ತಾ ಕೂತರೆ ಮುಂದಿನ ಮೂರೂ ಹೋಗುತ್ತವೆ.

ಬಿಚ್ಚುವಾಗ ಮೊದಲು ರೇಡಿಯೊ ಆಫ್, ಆಮೇಲೆ ಬ್ಯಾಟರಿ ತೆಗೆಯಿರಿ, ಕೊನೆಗೆ ತಂತಿ. ಮರದಿಂದ ಎಳೆಯುವಾಗ ಹಗ್ಗದಲ್ಲಿ ಗಂಟಿಲ್ಲದ ತುದಿಯನ್ನೇ ಕೊಂಬೆಯ ಮೇಲೆ ಹಾಯಿಸಿ. ತಂತಿಯನ್ನು ಹೆಬ್ಬೆರಳು ಕಿರುಬೆರಳಿನ ನಡುವೆ ಇಂಗ್ಲಿಷ್ ಎಂಟರ ಆಕಾರದಲ್ಲಿ ಸುತ್ತಿ, ತುದಿಯಿಂದ ನಡುವಿನ ಕಡೆಗೆ. ಹೀಗೆ ಸುತ್ತಿದ್ದು ಮುಂದಿನ ಸಲ ಎಳೆದ ಹಾಗೆ ಬಿಚ್ಚಿಕೊಳ್ಳುತ್ತದೆ, ಗಂಟು ಬೀಳುವುದಿಲ್ಲ. ಹೊರಡುವ ಮುಂಚೆ ಕೂತ ಜಾಗದ ಸುತ್ತ ಒಮ್ಮೆ ಬಗ್ಗಿ ನೋಡಿ. ಹುಲ್ಲಿನಲ್ಲಿ ಬಿದ್ದ ಕಪ್ಪು ಅಡಾಪ್ಟರ್ ನಿಂತು ನೋಡಿದರೆ ಕಾಣುವುದಿಲ್ಲ.